ಎರಡು ಬನೀನಿನ ಸ್ವಾಮಿ

ಆರ್.ಟಿ. ನಗರದ ಮುನಿಕೃಷ್ಣಮ್ಮನ ವಠಾರದಲ್ಲಿ ವೀರಬಸಪ್ಪ ಸ್ವಾಮಿಯಾದದ್ದು ಬನೀನಿನ ದೆಸೆಯಿಂದ. ಅವನೇನು ವೇದಾಂತ ಓದಿಕೊಂಡವನಲ್ಲ. ಮಠಕ್ಕೆ ಹೋದರೂ ಕಣ್ಣು ಮೊದಲು ಊಟದ ಪಂಕ್ತಿಯ ಕಡೆಗೇ ಹೋಗುವ ಮನುಷ್ಯ. ರೋಣದ ಕಡೆಯಿಂದ ಬಂದು, ಯಶವಂತಪುರದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿ, ಎಪ್ಪತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಆ ವಠಾರದ ಕೊನೆಯ ಮನೆ ಹಿಡಿದ. ಆಗ ಆ ಕಡೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ವಠಾರದ ಗಂಡಸರೆಲ್ಲ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಗಾಳಿಗೆ ಕೂರುವರು. ಮುನಿಕೃಷ್ಣಮ್ಮನ ಗಂಡ ಚಿಕ್ಕಮಾರಯ್ಯನಂತೂ ಮದುವೆ ಮುಂಜಿಗೆ ಬಿಟ್ಟರೆ ಅಂಗಿ ತೊಟ್ಟವನೇ ಅಲ್ಲ. ಬರೀ ಮೈಯಲ್ಲಿ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ವೀರಬಸಪ್ಪ ಮಾತ್ರ ಬಾಗಿಲು ಹಾಕಿಕೊಂಡು ಸ್ನಾನ ಮಾಡುವನು. ಹೊರಗೆ ಬಂದರೆ ಅಂಗಿ, ಅಂಗಿಯೊಳಗೆ ಒಂದಲ್ಲ, ಎರಡು ಬನೀನು. ಬೇರೆಯವರ ಬರೀ ಎದೆ ಕಂಡರೂ ಅವನು ಕಣ್ಣು ಕೆಳಗೆ ಹಾಕಿಕೊಂಡು ನಡೆದುಬಿಡುವನು.

"ಈ ಸೆಕೆಯಲ್ಲಿ ಬೆಂದೋಗ್ತೀಯಲ್ಲಪ್ಪ, ಅದ್ಯಾಕಂಗೆ ಮುಚ್ಕೊಂಡ್ ಕುಂತಿರ್ತೀಯ?" ಎಂದು ಮುನಿಕೃಷ್ಣಮ್ಮ ಒಂದು ದಿನ ಕೇಳಿದಳು. ಹೆಬ್ಬಾಳದ ಹಳೇ ಊರಿನ ಹೆಂಗಸು. ಮನಸ್ಸಿಗೆ ಬಂದದ್ದನ್ನು ಬಾಯೊಳಗೆ ಇಟ್ಟುಕೊಂಡು ಅಭ್ಯಾಸವಿಲ್ಲ.

ವೀರಬಸಪ್ಪನ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ, ಬನೀನುಗಳ ಒಳಗೆ, ಬೆಳ್ಳಿಯ ಕರಡಿಗೆಯಲ್ಲಿ ಅವನ ಇಷ್ಟಲಿಂಗವಿತ್ತು. "ಮೈಮ್ಯಾಲೆ ಲಿಂಗ ಐತ್ರೀ ಅಮ್ಮಾರ. ಹಿಂಗ ಎಲ್ಲಾರ ಕಣ್ಣಿಗೆ ಬೀಳಬಾರ್ದು," ಎಂದುಬಿಟ್ಟ.

ಮುನಿಕೃಷ್ಣಮ್ಮ ಅಲ್ಲೇ ಕೈ ಮುಗಿದಳು. ಮರುದಿನದಿಂದ 'ಏನಪ್ಪ' ಹೋಗಿ 'ಸ್ವಾಮಿ' ಬಂತು, ಏಕವಚನ ಹೋಗಿ ಬಹುವಚನ ಬಂತು. ಮೊಮ್ಮಗಳಿಗೆ ಜ್ವರ ಬಂದಾಗ ಎತ್ತಿಕೊಂಡು ಬಂದು ಅವನ ಕೈಯಲ್ಲಿ ವಿಭೂತಿ ಹಚ್ಚಿಸಿಕೊಂಡು ಹೋದಳು. ಮೂರು ದಿನಕ್ಕೆ ಬಿಡುವ ಜ್ವರ ಮೂರು ದಿನಕ್ಕೇ ಬಿಟ್ಟಿತು. ಆಮೇಲೆ ವಠಾರವನ್ನು ತಡೆಯುವವರು ಯಾರೂ ಇರಲಿಲ್ಲ. ಹೊಸ ಸೈಕಲ್ಲಿಗೆ ಕೈ ಮುಟ್ಟಿಸಲು, ಮಕ್ಕಳ ಹಾಲ್ ಟಿಕೆಟ್ಟಿಗೆ ವಿಭೂತಿ ಬಳಿಸಲು ಕೊನೆಯ ಮನೆಯ ಬಾಗಿಲು ತಟ್ಟುವುದು ರೂಢಿಯಾಯಿತು. ಪಾಪ, ಅವನಿಗೆ ಸಿನಿಮಾ ಎಂದರೆ ಪ್ರಾಣ. ಸ್ವಾಮಿಯಾದ ಮೇಲೆ ತಲೆಗೆ ಮಫ್ಲರ್ ಸುತ್ತಿಕೊಂಡು ಮೆಜೆಸ್ಟಿಕ್ಕಿನವರೆಗೆ ಹೋಗಿ ಕದ್ದು ನೋಡಿ ಬರಬೇಕಾಯಿತು.

ನಿಜವಾದ ತೊಂದರೆ ಲಿಂಗದ್ದಲ್ಲ, ಎದೆಯದು. ಹದಿನಾಲ್ಕನೇ ವಯಸ್ಸಿಗೆ ವೀರಬಸಪ್ಪನ ಎದೆ ಹೆಣ್ಣುಮಕ್ಕಳ ಎದೆಯಂತೆ ಉಬ್ಬಿ ಬಂದಿತ್ತು. ಮಿಕ್ಕ ಮೈಯೆಲ್ಲ ಒಣಕಡ್ಡಿ. ಊರ ಬಾವಿಯಲ್ಲಿ ಈಜುವಾಗ ಜೊತೆಯ ಹುಡುಗರು ಕಂಡು, ಮೈ ಆರುವುದರೊಳಗೆ 'ವೀರವ್ವ' ಎಂದು ಹೆಸರಿಟ್ಟರು. ಆ ಹೆಸರು ಬಾವಿಯಿಂದ ಶಾಲೆಗೆ ಹೋಯಿತು, ಶಾಲೆಯಿಂದ ಸಂತೆಗೆ ಹೋಯಿತು. ಇವತ್ತು ಕಡಿಮೆಯಾದೀತು, ನಾಳೆ ಕಡಿಮೆಯಾದೀತು ಎಂದು ಹುಡುಗ ಕಾದ. ಆಗಲಿಲ್ಲ. ಅವನೂ ಮತ್ತೆ ಬಾವಿಯ ಕಡೆ ಹೋಗಲಿಲ್ಲ. ಇದನ್ನು ವೈದ್ಯರಿಗೆ ತೋರಿಸಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ತೋರಿಸುವುದೆಂದರೆ ಅಂಗಿ ಬಿಚ್ಚುವುದು ತಾನೇ?

ಮದುವೆಯೂ ಅದೇ ಕಾರಣಕ್ಕೆ ಆಗಲಿಲ್ಲ. ಅವರ ಕಡೆಯ ಮದುವೆಗಳಲ್ಲಿ ಸುರಗಿ ಎಂದು ಒಂದು ಶಾಸ್ತ್ರವಿದೆ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುವೆಯ ಮಕ್ಕಳನ್ನು ಮನೆಯವರ ಜೊತೆ ಕೂರಿಸಿ ಎಣ್ಣೆ ಅರಿಸಿನ ಹಚ್ಚಿ ನೀರೆರೆಯುತ್ತಾರೆ. ಗಂಡಸರು ಬರೀ ಮೈಯಲ್ಲಿ ಕೂರಬೇಕು. ನೋಡುವುದಕ್ಕೆ ಇಡೀ ಬಳಗ ಸುತ್ತ ನಿಂತಿರುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಅಕ್ಕ ನಿಂಗವ್ವನ ಸುರಗಿಯ ದಿನ ಅವನು ಜ್ವರವೆಂದು ಕಂಬಳಿ ಹೊದ್ದು ಮಲಗಿದ. ಆಮೇಲೆ ತನಗೇ ಬಂದ ನಾಲ್ಕು ಸಂಬಂಧಗಳನ್ನು ಒಂದೊಂದು ನೆಪ ಹೇಳಿ ಕಳಿಸಿದ. ಬಳಗದವರು ಅದಕ್ಕೂ ಅರ್ಥ ಕಟ್ಟಿ, ಅವನು ವಿರಕ್ತ ಎಂದರು. ವಿರಕ್ತನೆಂಬ ವಿರಕ್ತ, ಮೂರನೆಯ ಸಂಬಂಧದ ಹುಡುಗಿಯ ಫೋಟೋವನ್ನು ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದ.

ಪ್ರತಿ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಅವನು ಮೊದಲು ಕೇಳುತ್ತಿದ್ದುದು ಕ್ಷಮೆಯನ್ನು. ತನ್ನ ಹೇಡಿತನವನ್ನು ತಂದು ದೇವರ ತಲೆಗೆ ಕಟ್ಟಿದ್ದೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಹದಿನಾಲ್ಕು ವರ್ಷ ಕಳೆಯಿತು. ಈ ನಡುವೆ ನಿಂಗವ್ವನ ಗಂಡ ಶೇಖರಪ್ಪ ಗೂಡ್ಸ್ ಗಾಡಿಯ ಗಾರ್ಡಾಗಿ ಯಶವಂತಪುರಕ್ಕೆ ವರ್ಗವಾಗಿ, ಅವರೂ ಅದೇ ವಠಾರದಲ್ಲಿ ಪಕ್ಕದ ಮನೆಗೆ ಬಂದಿದ್ದರು. ಶೇಖರಪ್ಪ ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಮಕ್ಕಳಿಗೆ ಸೈಕಲ್ ಕಲಿಸಿದ್ದು, ಶಾಲೆಗೆ ಸೇರಿಸಿದ್ದು, ಹಲ್ಲು ಕೀಳಿಸಿದ್ದು ಎಲ್ಲ ಮಾಮನೇ. ದೊಡ್ಡವಳು ಕಾಶವ್ವ. ಅವಳಿಗಿಂತ ಐದು ವರ್ಷಕ್ಕೆ ಚಿಕ್ಕವನು ಸಿದ್ದು. ವೀರಬಸಪ್ಪನಿಗೆ ಆ ಹುಡುಗನೆಂದರೆ ಜೀವ. ಅದನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೊಟ್ಟ ಮೈಸೂರು ಪಾಕು ಒಂದು ದಿನವೂ ಅವನ ಬಾಯಿಗೆ ಹೋದದ್ದಿಲ್ಲ. ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿತ್ತು.

ಎಂಬತ್ತೈದರ ಜನವರಿಯಲ್ಲಿ, ಹದಿನೈದು ತುಂಬಿದ ಸಿದ್ದುವಿಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಬಾಗಿಲು ಹಾಕಿಕೊಂಡು ಸ್ನಾನ ಮಾಡತೊಡಗಿದ. ಹಣೆಗೆ ಮೂರು ಬೆರಳಿನ ವಿಭೂತಿ. ಶಾಲೆಯಲ್ಲಿ ಕಬಡ್ಡಿ ಬಿಟ್ಟ. ಜಗಲಿಯ ಮೇಲೆ ಬರೀ ಮೈಯಲ್ಲಿ ಬೋರಲಾಗಿ ಬಿದ್ದುಕೊಂಡು ಓದುತ್ತಿದ್ದವನು ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚದಾದ. ಯಾರಾದರೂ ಕೇಳಿದರೆ, "ಲಿಂಗ ಇದೆ, ಕಾಣಬಾರ್ದು" ಎನ್ನುವನು.

ನಿಂಗವ್ವನಿಗೆ ಹಿಗ್ಗೋ ಹಿಗ್ಗು. "ಎಲ್ಲಾ ನಿನ್ನ ಹಂಗ ಆಗ್ಯಾನ ನೋಡ ತಮ್ಮಾ," ಎಂದು ತಮ್ಮನ ಮುಂದೆ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಮುನಿಕೃಷ್ಣಮ್ಮ ಹುಡುಗನಿಗೆ 'ಮರಿಸ್ವಾಮಿ' ಎಂದು ಹೆಸರಿಟ್ಟು ನಿಂಬೆಹಣ್ಣು ಕೊಟ್ಟಳು. ವೀರಬಸಪ್ಪನಿಗೂ ಒಳಗೊಳಗೆ ಹೆಮ್ಮೆಯಾಯಿತು. ತನ್ನ ಸುಳ್ಳು ಭಕ್ತಿಯಿಂದ ಒಂದು ನಿಜವಾದ ಭಕ್ತಿ ಹುಟ್ಟಿತಲ್ಲ, ಶಿವ ತನ್ನನ್ನು ಕ್ಷಮಿಸಿದ ಎಂದುಕೊಂಡ. ಅಷ್ಟು ದಡ್ಡ ಅವನು.

ಅವನ ಕಣ್ಣು ತೆರೆಸಿದವನು ಟೈಲರ್ ನಜೀರ್. ಬಸ್ ಸ್ಟಾಪಿನ ಎದುರಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ವೀರಬಸಪ್ಪನಿಗೆ ಅಂಗಿ ಹೊಲಿಯುತ್ತಿದ್ದವನು ಅವನೇ. ಮೊದಲನೇ ಸಲ ಅಳತೆ ತೆಗೆಯುವಾಗ ಎದೆಯ ಮೇಲೆ ಟೇಪು ಒಂದು ಗಳಿಗೆ ನಿಂತು ಮುಂದೆ ಹೋಗಿತ್ತು. ನಜೀರ್ ಒಂದು ಮಾತೂ ಆಡಿರಲಿಲ್ಲ. ಹೊಲಿದು ಕೊಟ್ಟ ಅಂಗಿ ಎದೆಯ ಮೇಲೆ ಸಡಿಲವಾಗಿತ್ತು, ಎರಡು ಕಡೆಗೂ ಮುಚ್ಚಳದ ಜೇಬಿತ್ತು, ಒಳಗಡೆ ಹೇಳದೆಯೇ ಇನ್ನೊಂದು ಪದರ ಬಟ್ಟೆ ಕೊಟ್ಟಿದ್ದ. ಆವತ್ತು ಮನೆಗೆ ಬಂದು ವೀರಬಸಪ್ಪ ಒಳಗಿನ ಬಟ್ಟೆಯ ಮೇಲೆ ಮತ್ತೆ ಮತ್ತೆ ಕೈಯಾಡಿಸಿದ್ದ. ಅಂದಿನಿಂದ ಅವನು ಬೇರೆ ಟೈಲರನ ಮೆಟ್ಟಿಲು ಹತ್ತಿರಲಿಲ್ಲ.

ಕಾಶವ್ವನ ಮದುವೆ ಏಪ್ರಿಲ್ ಕೊನೆಗೆ ಗೊತ್ತಾದ ಮೇಲೆ ಬಟ್ಟೆ ಕೊಡಲು ಹೋದಾಗ ನಜೀರ್ ಮಿಷನ್ ನಿಲ್ಲಿಸಿದ.

"ಕೂತ್ಕೊಳ್ಳಿ ಸಾರ್, ಒಂದ್ ಮಾತಿದೆ. ಇಷ್ಟ್ ವರ್ಷ ಆಯ್ತು, ನಾನು ನಿಮ್ಮನ್ನ ಏನಾದ್ರೂ ಕೇಳಿದ್ದೀನಾ?"

"ಇಲ್ಲ."

"ಇವತ್ತೂ ಕೇಳಲ್ಲ. ಹೇಳ್ತೀನಿ ಅಷ್ಟೆ. ನಿಮ್ ಸಿದ್ದು ಬಂದಿದ್ದ, ಅಕ್ಕನ ಮದ್ವೆಗೆ ಶರ್ಟ್ ಹೊಲ್ಸಕ್ಕೆ. ಟೇಪ್ ಮುಟ್ಟಿಸಕ್ಕೇ ಬಿಡ್ಲಿಲ್ಲ. ಮಾಮಂಗೆ ಹೊಲಿದಂಗೇ ಹೊಲೀರಿ, ಒಳಗಡೆ ಡಬಲ್ ಬಟ್ಟೆ ಕೊಡಿ ಅಂದ. ಹದಿನೈದ್ ವರ್ಷದ್ ಹುಡ್ಗ ಸಾರ್. ಈ ವಯಸ್ಸಲ್ಲಿ ಎಲ್ರೂ ಟೈಟಾಗಿ ಹೊಲೀರಿ ಅಂತಾರೆ."

ವೀರಬಸಪ್ಪ ತಂದ ಬಟ್ಟೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತ. ಬಾಗಿಲು ಹಾಕಿದ ಸ್ನಾನ, ಬಿಟ್ಟುಹೋದ ಕಬಡ್ಡಿ, ಗುಂಡಿ ಬಿಚ್ಚದ ಅಂಗಿ ಎಲ್ಲ ಸಾಲಾಗಿ ಬಂದು ಮುಂದೆ ನಿಂತವು. ಮಾಮನ ಅಂಗಿ ಒಣಗುವಾಗ ಒಳಗಿನ ಪದರವನ್ನು ಹುಡುಗ ನೋಡಿದ್ದಾನೆ. ತಾನು ಮುಚ್ಚಿಕೊಂಡ ಬಗೆಯನ್ನೇ ಅವನೂ ಕಲಿತಿದ್ದಾನೆ. ಇನ್ನು ಸಿನಿಮಾಕ್ಕೆ ಮಫ್ಲರ್, ಟ್ರಂಕಿನ ತಳಕ್ಕೆ ಫೋಟೋ, ಅದೂ ಬರುತ್ತದೆ.

ನಜೀರ್ ಟೇಪನ್ನು ಬೆರಳಿಗೆ ಸುತ್ತುತ್ತ ಇನ್ನೊಂದು ಮಾತು ಹೇಳಿದ. "ನನ್ನ ಗಿರಾಕಿ ಒಬ್ರಿದ್ದಾರೆ, ಹೆಸರು ಹೇಳಲ್ಲ. ಎದೆ ನಲವತ್ತು ಇದ್ದೋರು ಹೋದ ವರ್ಷ ಮೂವತ್ತೇಳಾಗಿ ಬಂದ್ರು. ಹೊಟ್ಟೆ ಹಂಗೇ ಇದೆ. ನಂಗೆ ಟೇಪ್ ಮೇಲೇ ಅನುಮಾನ ಬಂತು. ಆಪರೇಷನ್ ಮಾಡಿಸ್ಕೊಂಡೆ ಕಣಯ್ಯ ಅಂದ್ರು. ಸಂಜಯನಗರದಲ್ಲಿ ಸಂಜೆ ಹೊತ್ತು ಕೂರ್ತಾರಂತೆ, ರಾಮಕೃಷ್ಣಪ್ಪ ಅಂತ ಡಾಕ್ಟ್ರು."

ಭಾನುವಾರ ಸಂಜೆ ವೀರಬಸಪ್ಪ ಸಿದ್ದುವನ್ನು ಕರೆದುಕೊಂಡು ಹೆಬ್ಬಾಳದ ಕೆರೆಯ ಏರಿಯ ಮೇಲೆ ಹೋದ. ಕಡಲೆಕಾಯಿ ಕೊಡಿಸಿದ. ಪರೀಕ್ಷೆಯ ವಿಷಯ ಮಾತಾಡಿದ. ಕೆರೆಯಲ್ಲಿ ಎಷ್ಟು ನೀರಿದೆ ಎಂದು ಮಾತಾಡಿದ. ಕಡಲೆಕಾಯಿ ಮುಗಿಯಿತು, ಬಾಯಿಗೆ ಬೇಕಾದ ಮಾತು ಮಾತ್ರ ಬರಲಿಲ್ಲ. ಕೆಳಗೆ ಎಮ್ಮೆ ತೊಳೆಯುತ್ತಿದ್ದ ಹುಡುಗರು ನೀರಿಗೆ ಧುಮುಕಿ ಕೇಕೆ ಹಾಕುತ್ತಿದ್ದರು. ಸಿದ್ದು ಅವರನ್ನೇ ನೋಡುತ್ತಿದ್ದ. ಆ ನೋಟವನ್ನು ಕಂಡ ಮೇಲೆ ವೀರಬಸಪ್ಪನಿಗೆ ತಡೆಯಲಾಗಲಿಲ್ಲ.

"ನನಗ ಹದಿನಾಲ್ಕಕ್ಕ ಸುರು ಆಗಿತ್ತೋ ಸಿದ್ದೂ," ಎಂದ.

"ಏನು ಮಾಮಾ?"

"ನಿನಗ ಈಗ ಆಗೇತಲ್ಲ, ಅದು." ತನ್ನ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಊರಾಗ ನನ್ನ ವೀರವ್ವ ಅಂತಿದ್ರು."

ಹುಡುಗ ಕೈಯಲ್ಲಿದ್ದ ಕಡಲೆಕಾಯಿಯ ಸಿಪ್ಪೆಯನ್ನು ಪುಡಿ ಮಾಡಿದ. ಮುಖ ಕೆಂಪಾಗಿತ್ತು. ಕೊನೆಗೆ ಕೇಳಿದ್ದು ಇಷ್ಟು: "ಹಂಗಾದ್ರೆ ನೀವು ಸ್ವಾಮಿ ಅಲ್ವಾ?"

"ಅಲ್ಲೋ ಮಾರಾಯ."

"ಮತ್ತೆ ನಿಮಗೆ ಅದು ಹೋಗಲೇ ಇಲ್ವಾ? ಇಷ್ಟ್ ವರ್ಷ ಆದ್ರೂ?"

ಆ ಪ್ರಶ್ನೆಯಲ್ಲಿದ್ದ ಹೆದರಿಕೆ ವೀರಬಸಪ್ಪನಿಗೆ ಕೇಳಿಸಿತು. ತನ್ನ ಕಥೆಯಿಂದ ಹುಡುಗನಿಗೆ ಧೈರ್ಯ ಬಂದೀತು ಎಂದುಕೊಂಡಿದ್ದ. ಹುಡುಗ ಅವನಲ್ಲಿ ತನ್ನ ಮುಂದಿನ ಇಪ್ಪತ್ತೇಳು ವರ್ಷವನ್ನು ನೋಡಿದ್ದ. "ನಾಳೆ ಡಾಕ್ಟರ್ ಹಂತ್ಯಾಕ ಹೋಗೂಣು," ಎಂದು ಮೇಲೆದ್ದ.

ಡಾಕ್ಟರ್ ರಾಮಕೃಷ್ಣಪ್ಪ ಅರವತ್ತರ ಹತ್ತಿರದವರು, ಮೂಗಿನ ತುದಿಯ ಮೇಲೆ ಕನ್ನಡಕ. ಪರದೆಯ ಹಿಂದೆ ಸಿದ್ದುವನ್ನು ಎರಡು ನಿಮಿಷ ಪರೀಕ್ಷೆ ಮಾಡಿ, ಅಂಗಿ ಹಾಕಿಕೊಳ್ಳಲು ಹೇಳಿ, ಕೈ ತೊಳೆದುಕೊಂಡು ಬಂದು ಕೂತರು.

"ಇದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಉದ್ದನೇ ಹೆಸರಿದೆ. ಹೆಸರು ಬಿಡು. ನಿನ್ನ ಕ್ಲಾಸಲ್ಲಿ ಎಷ್ಟು ಜನ ಹುಡುಗ್ರು?"

"ನಲವತ್ತು ಸಾರ್."

"ಅದರಲ್ಲಿ ಇಪ್ಪತ್ತು ಜನಕ್ಕೆ ಈ ವಯಸ್ಸಲ್ಲಿ ಸ್ವಲ್ಪವಾದರೂ ಹೀಗೆ ಆಗಿರತ್ತೆ. ಯಾರೂ ಬಾಯಿ ಬಿಡಲ್ಲ. ಮೀಸೆ ಬರೋ ಕಾಲಕ್ಕೆ ಮೈಯಲ್ಲಿ ಆಗೋ ಏರುಪೇರು ಇದು. ಎರಡು ವರ್ಷ, ಹೆಚ್ಚಂದ್ರೆ ಮೂರು ವರ್ಷಕ್ಕೆ ಮುಕ್ಕಾಲು ಪಾಲು ಹುಡುಗ್ರಿಗೆ ತಾನಾಗೇ ಹೋಗತ್ತೆ."

ಸಿದ್ದು ತಲೆ ಎತ್ತಲಿಲ್ಲ. "ಈಗ್ಲೇ ಆಪರೇಷನ್ ಮಾಡಿಬಿಡಿ ಸಾರ್. ಏಪ್ರಿಲ್‌ನಲ್ಲಿ ಅಕ್ಕನ ಮದುವೆ. ಎಲ್ಲರೆದುರಿಗೆ ಶರ್ಟ್ ಬಿಚ್ಚಿ ಕೂರಬೇಕು."

"ಮಾಡಲ್ಲ," ಎಂದರು ಡಾಕ್ಟರು, ಮೆತ್ತಗೆ. "ಬೆಳೀತಾ ಇರೋ ಮೈಗೆ ಕತ್ತರಿ ಹಾಕಿದ್ರೆ ಮತ್ತೆ ಬರಬಹುದು. ಹೋಗೋದನ್ನ ಯಾಕೆ ಕೊಯ್ಯೋದು? ಹದಿನೆಂಟು ಹತ್ತೊಂಬತ್ತು ಆಗಲಿ, ಮೈ ಬೆಳೆದು ನಿಲ್ಲಲಿ. ಆಗಲೂ ಇದ್ರೆ ಬಾ, ನಾನೇ ಮಾಡ್ತೀನಿ. ಅದು ಸರಿಯಾದ ವಯಸ್ಸು. ಅಲ್ಲೀವರೆಗೂ ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗು." ಆಮೇಲೆ ಕನ್ನಡಕದ ಮೇಲಿಂದ ವೀರಬಸಪ್ಪನನ್ನು ನೋಡಿದರು. "ನೀವು ಯಾಕೆ ಅಷ್ಟು ಬೆವರ್ತಾ ಇದ್ದೀರಿ?"

ಆ ಪರದೆಯ ಹಿಂದೆ, ನಲವತ್ತೊಂದನೇ ವಯಸ್ಸಿನಲ್ಲಿ, ವೀರಬಸಪ್ಪ ಮೊದಲನೇ ಸಲ ಇನ್ನೊಬ್ಬ ಮನುಷ್ಯನ ಮುಂದೆ ಎರಡೂ ಬನೀನು ಬಿಚ್ಚಿದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಡಾಕ್ಟರು ಒತ್ತಿ ನೋಡಿ, ಆ ಔಷಧಿ ತಗೋತೀರಾ, ಈ ಕಾಯಿಲೆ ಇತ್ತಾ ಎಂದು ನಾಲ್ಕು ಪ್ರಶ್ನೆ ಕೇಳಿ, "ಇಪ್ಪತ್ತಕ್ಕೇ ಆಗಬೇಕಿತ್ತಲ್ರೀ ಇದು. ಎಲ್ಲಿದ್ರಿ ಇಷ್ಟು ದಿನ?" ಎಂದರು.

"ಈಗ ವಯಸ್ಸು ಮೀರೇತೇನ್ರಿ?"

"ಮೀರೋದೇನೂ ಇಲ್ಲ. ನಿಮ್ಮದು ತಾನಾಗಿ ಹೋಗೋ ಕಾಲ ಮೀರಿದೆ, ಕೊಯ್ಯೋ ಕಾಲ ಅಲ್ಲ. ಮೊಲೆತೊಟ್ಟಿನ ಸುತ್ತ ಕಪ್ಪಗಿರೋ ಕಡೆ ಅಂಚಿನಲ್ಲೇ ಕೊಯ್ದು ಒಳಗಿನ ಗಡ್ಡೆ ತೆಗೀತೀವಿ. ಮೂರು ದಿನ ಆಸ್ಪತ್ರೆ, ಒಂದು ತಿಂಗಳು ಭಾರ ಎತ್ತಬಾರದು. ಮಾರ್ಚ್ ಎರಡನೇ ವಾರ ಬನ್ನಿ. ಮದುವೆ ಹೊತ್ತಿಗೆ ಗಾಯ ಮಾದಿರತ್ತೆ."

ವೀರಬಸಪ್ಪನಿಗೆ ಅಲ್ಲಿಂದ ಹೊರಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ. ಇಪ್ಪತ್ತೇಳು ವರ್ಷ ಹೊತ್ತದ್ದನ್ನು ಮೂರು ದಿನದಲ್ಲಿ ಇಳಿಸಿಕೊಡುತ್ತಾರಂತೆ. ಸೋದರಮಾವನಾಗಿ ಕಾಶವ್ವನ ಪಕ್ಕದಲ್ಲಿ ಸುರಗಿಗೆ ಕೂರಬಹುದು, ಎಲ್ಲರಂತೆ. ಬಸ್ ಸ್ಟಾಪಿನವರೆಗೆ ಒಬ್ಬನೇ ಏನೇನೋ ಮಾತಾಡುತ್ತ ನಡೆದ. ಎಷ್ಟೋ ಹೊತ್ತಿನ ಮೇಲೆ ಹುಡುಗನ ಸದ್ದೇ ಇಲ್ಲವಲ್ಲ ಎಂದು ತಿರುಗಿ ನೋಡಿದ.

ಸಿದ್ದು ಸಂತೋಷಪಡಲು ಪ್ರಯತ್ನಿಸುತ್ತಿದ್ದ. "ಒಳ್ಳೇದಾಯ್ತು ಮಾಮಾ," ಎಂದ. "ನಿಮ್ಮದು ಮುಗಿಯತ್ತೆ. ಸುರಗಿಗೆ ನಾನೊಬ್ನೇ ಆಗ್ತೀನಿ, ಅಷ್ಟೆ. ನಾನು ಜ್ವರ ಅಂತ ಹೇಳ್ತೀನಿ ಬಿಡಿ."

ಆ ವಾರ ವೀರಬಸಪ್ಪನಿಗೆ ಊಟ ಸೇರಲಿಲ್ಲ. ಸ್ಟೋರಿನಲ್ಲಿ ಬೋಲ್ಟು ಕೇಳಿದವರಿಗೆ ವಾಷರ್ ಕೊಟ್ಟ. ಪೂಜೆಗೆ ಕೂತರೆ ಅಂಗೈಯ ಮೇಲಿನ ಲಿಂಗ ಕಾಣದೆ ಕಂಬಳಿ ಹೊದ್ದು ಮಲಗಿದ ಹತ್ತೊಂಬತ್ತರ ತಾನು ಕಾಣುತ್ತಿದ್ದ. ಆ ಕಂಬಳಿಯ ಒಳಗಿನಿಂದ ಅಕ್ಕನ ಮದುವೆಯ ವಾಲಗ ಕೇಳಿದ್ದು ಅವನಿಗೆ ಇನ್ನೂ ನೆನಪಿತ್ತು. ಒಬ್ಬರಾದರೂ ಬಂದು ಪಕ್ಕದಲ್ಲಿ ಕೂರಲಿ ಎಂದು ಆವತ್ತು ಎಷ್ಟು ಆಸೆಪಟ್ಟಿದ್ದ.

ಶನಿವಾರ ಒಬ್ಬನೇ ಸಂಜಯನಗರಕ್ಕೆ ಹೋಗಿ, "ಆಪರೇಷನ್ ಮದುವಿ ಆದಮ್ಯಾಲೆ ಮಾಡ್ರಿ" ಎಂದ.

ಡಾಕ್ಟರು ಕನ್ನಡಕ ತೆಗೆದರು. "ಮದುವೆಗೇ ಅಲ್ವೇನ್ರೀ ನಿಮಗೆ ಬೇಕಾಗಿದ್ದು?"

"ಮದುವಿಗೆ ಇದು ಇರಬೇಕಾಗೇತ್ರೀ," ಎಂದ ವೀರಬಸಪ್ಪ. ಡಾಕ್ಟರಿಗೆ ತಿಳಿಯಿತೋ ಇಲ್ಲವೋ, ಚೀಟಿಯಲ್ಲಿದ್ದ ತಾರೀಖು ಹೊಡೆದುಹಾಕಿ ಮೇ ತಿಂಗಳು ಎಂದು ಬರೆದುಕೊಟ್ಟರು. ಈ ವಿಷಯವನ್ನು ಅವನು ಸಿದ್ದುವಿಗೆ ಹೇಳಲಿಲ್ಲ. ಮಾರ್ಚ್ ಕಳೆದರೂ ಮಾಮ ಆಸ್ಪತ್ರೆಗೆ ಹೋಗಲಿಲ್ಲವಲ್ಲ ಎಂದು ಹುಡುಗ ಕೇಳಿದಾಗ, ಡಾಕ್ಟರಿಗೆ ಪುರುಸೊತ್ತಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದ.

ಸುರಗಿಯ ಬೆಳಿಗ್ಗೆ ಬಂದೇಬಂತು. ವಠಾರದ ಅಂಗಳಕ್ಕೆ ಚಪ್ಪರ ಹಾಕಿದ್ದರು, ಆದರೆ ಸುರಗಿಯ ಜಾಗ ಮಾತ್ರ ಚಪ್ಪರದ ಆಚೆ, ಬಿಸಿಲಿಗೆ. ರೋಣದಿಂದ ಬಂದ ಬಳಗ ಒಂದು ಕಡೆ, ವಠಾರದವರು ಒಂದು ಕಡೆ. ನಾಲ್ಕು ತಂಬಿಗೆಗೆ ನೂಲು ಸುತ್ತಿ, ಮಣೆ ಹಾಕಿ, ಕಾಶವ್ವನನ್ನು ಕೂರಿಸಿದರು. ಒಂದು ಪಕ್ಕಕ್ಕೆ ನಿಂಗವ್ವ, ಶೇಖರಪ್ಪ. ಇನ್ನೊಂದು ಪಕ್ಕದ ಎರಡು ಮಣೆ ಖಾಲಿ. ಒಂದು ಸೋದರಮಾವನದು, ಒಂದು ತಮ್ಮನದು.

ಸಿದ್ದು ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ವೀರಬಸಪ್ಪ ಒಳಗೆ ಹೋಗಿ ಕಂಬಳಿ ಎತ್ತಿದ.

"ನನಗ ಜ್ವರ ಐತೇನು ಮುಟ್ಟಿ ನೋಡು," ಎಂದು ಹುಡುಗನ ಕೈಯನ್ನು ತನ್ನ ಹಣೆಗೆ ಇಟ್ಟುಕೊಂಡ. "ಇಲ್ಲಲಾ? ನಿನಗೂ ಇಲ್ಲ. ನಾ ಮುಂದ ಹೋಗಿ ಕುಂದರತೀನಿ. ನೀ ಬಾಗಿಲದಾಗ ನಿಂತು ನೋಡು. ನೋಡಿದ ಮ್ಯಾಲೆ ಬರಬೇಕು ಅನಿಸ್ತು ಅಂದ್ರ ಬಾ. ಇಲ್ಲಾಂದ್ರ ಹೊಳ್ಳಿ ಬಂದು ಮಲಕೋ, ನಾ ಏನೂ ಅನ್ನಂಗಿಲ್ಲ."

ಅಂಗಳಕ್ಕೆ ಬಂದಾಗ ನಿಂಗವ್ವ ಬಳಗದವರಿಗೆ ಸಮಜಾಯಿಷಿ ಹೇಳುತ್ತಿದ್ದಳು. "ಅವ ಅಂಗಿ ತಗ್ಯಂಗಿಲ್ರೀ, ನೇಮಸ್ಥ ಅದಾನ. ಹಂಗ ಕುಂದರಲಿ ಬಿಡ್ರಿ."

ವೀರಬಸಪ್ಪ ಅಂಗಿಯ ಗುಂಡಿಗೆ ಕೈ ಹಾಕಿದ. ಐದು ಗುಂಡಿಗೆ ಐದು ತಾಸಾದಂತೆ ಆಯಿತು. ಅಂಗಿ ತೆಗೆದು ಪಕ್ಕದಲ್ಲಿ ನಿಂತಿದ್ದ ನಜೀರನ ಕೈಗೆ ಕೊಟ್ಟ. ಮೊದಲನೇ ಬನೀನು ತೆಗೆದ. ಎರಡನೆಯದನ್ನೂ ತೆಗೆದ. ಬೆಳ್ಳಿಯ ಕರಡಿಗೆ ಬಿಸಿಲಿಗೆ ಹೊಳೆಯಿತು. ಅದರ ಎರಡು ಪಕ್ಕಕ್ಕೆ, ಇಪ್ಪತ್ತೇಳು ವರ್ಷ ಮುಚ್ಚಿಟ್ಟದ್ದು ಎಲ್ಲರಿಗೂ ಕಂಡಿತು. ಅವನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಬಾಗಿಲಲ್ಲಿರುವ ಹುಡುಗನಿಗೆ ತಿಳಿಯುತ್ತದೆ ಎಂದು ಮುಚ್ಚಲಿಲ್ಲ. ಹೋಗಿ ಮಣೆಯ ಮೇಲೆ ಕೂತ.

ಅರಿಸಿನದ ಬಟ್ಟಲು ಹಿಡಿದು ಮೊದಲು ಮುಂದೆ ಬಂದವಳು ಮುನಿಕೃಷ್ಣಮ್ಮ. ಅವನ ಎದೆಯನ್ನು ನೋಡಿದಳು, ಮುಖವನ್ನು ನೋಡಿದಳು.

"ಲಿಂಗ ಕಾಣಬಾರ್ದು ಅಂದಿದ್ರಲ್ಲ ಸ್ವಾಮಿ?"

"ಸುಳ್ಳು ಹೇಳಿದ್ದೆ ಅಮ್ಮಾರ. ಇದನ್ನ ಮುಚ್ಚಾಕ."

"ಇದ್ಕಾ?" ಮುನಿಕೃಷ್ಣಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಲ್ಲ, ಇದ್ಕಾ ಹದಿನಾಕ್ ವರ್ಸ ನನ್ ಕೈಲಿ ಕಾಲಿಗ್ ಬೀಳಿಸ್ಕೊಂಡಿದ್ದು? ನನ್ ಮಂಡಿ ಸವೆದೋಯ್ತಲ್ಲಪ್ಪ." ಜಗಲಿಯ ಕಡೆ ಕೈ ಮಾಡಿದಳು. "ಅಲ್ನೋಡು, ನಮ್ ಯಜಮಾನ್ರನ್ನ. ನಾನ್ ಮದ್ವೆ ಆಗಿ ಬಂದಾಗ್ಲೂ ಇಂಗೇ ಇತ್ತು, ಈಗ್ಲೂ ಇಂಗೇ ಐತೆ. ಐದ್ ಮಕ್ಳು ಹೆತ್ತಿದ್ದೀನಿ ನಾನು."

ಅಂಗಳವೆಲ್ಲ ಜಗಲಿಯ ಕಡೆ ತಿರುಗಿತು. ಚಿಕ್ಕಮಾರಯ್ಯ ಎಂದಿನಂತೆ ಬರೀ ಮೈಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹದಿನಾಲ್ಕು ವರ್ಷ ದಿನಾ ಅವನ ಮುಂದೆಯೇ ಓಡಾಡಿದ್ದ ವೀರಬಸಪ್ಪ ತಲೆ ಎತ್ತಿ ಅವನ ಎದೆ ನೋಡಿದ್ದು ಅದೇ ಮೊದಲು. ನಿಜ. ಇತ್ತು. ಅದೂ ತನ್ನದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಇತ್ತು.

"ಏನ್ ಎಲ್ರೂ ನನ್ನೇ ನೋಡ್ತಿದ್ದೀರಿ?" ಎಂದ ಚಿಕ್ಕಮಾರಯ್ಯ.

ಮೊದಲು ನಕ್ಕವಳು ಕಾಶವ್ವ, ಮದುವಣಗಿತ್ತಿ ನಗಬಾರದು ಎಂಬುದನ್ನು ಮರೆತು. ಆಮೇಲೆ ಅಂಗಳವೇ ನಕ್ಕಿತು. ನಿಂಗವ್ವ ಮಾತ್ರ ನಗಲಿಲ್ಲ. ಅವಳು ತಮ್ಮನನ್ನು ನೋಡುತ್ತಿದ್ದಳು. ತನ್ನ ಸುರಗಿಯ ದಿನದ ಜ್ವರ ಅವಳಿಗೆ ಈಗ ಅರ್ಥವಾಗಿತ್ತು. "ನನಗರ ಹೇಳಬಾರ್ದಾಗಿತ್ತೇನೋ ತಮ್ಮಾ," ಎಂದು ಅರಿಸಿನದ ಕೈಯಿಂದಲೇ ಅವನ ಕೆನ್ನೆ ಮುಟ್ಟಿದಳು.

ನಜೀರ್ ಅಂಗಿ ಮಡಿಸುತ್ತ ಬಗ್ಗಿ, ಇವನಿಗೊಬ್ಬನಿಗೇ ಕೇಳುವಂತೆ, "ಇನ್ನು ಆಪರೇಷನ್ ಬೇಡ್ವಾ ಸಾರ್?" ಎಂದ.

"ಬೇಕು," ಎಂದ ವೀರಬಸಪ್ಪ. "ಇಷ್ಟ ದಿನ ಮಂದೀಗೆ ಹೆದರಿ ಬೇಕಾಗಿತ್ತು. ಈಗ ನನಗ ಬೇಕಾಗೇತಿ. ಮೇ ತಿಂಗಳಾಗ ಹೊಸಾ ಅಳತಿ ತಗೊಳಾಕ ರೆಡಿ ಇರು."

ಹೇಳುತ್ತಿದ್ದರೂ ಅವನ ಗಮನ ಬಾಗಿಲ ಮೇಲಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹುಡುಗ ಹಿಂದಕ್ಕೆ ಹೋಗಿ ಮಲಗಿಬಿಟ್ಟ ಎಂದುಕೊಂಡ. ಏನೂ ಅನ್ನುವುದಿಲ್ಲ ಎಂದು ಮಾತು ಕೊಟ್ಟಿದ್ದ, ಅನ್ನಲಿಲ್ಲ. ಹೆಂಗಸರು ಹಾಡು ಎತ್ತಿಕೊಂಡರು. ಮುನಿಕೃಷ್ಣಮ್ಮ ಅವನ ಬೆನ್ನಿಗೆ ಎಣ್ಣೆ ಸುರಿದಳು.

ಆಗ ಪಕ್ಕದ ಮಣೆ ಕಿರ್ರೆಂದಿತು.

ಸಿದ್ದು ಹಿತ್ತಲ ಬಾಗಿಲಿನಿಂದ ಸುತ್ತಿ ಬಂದಿದ್ದ. ಅಂಗಿಯನ್ನು ಒಳಗೇ ಬಿಚ್ಚಿಟ್ಟು ಬಂದಿದ್ದ. ಎರಡೂ ಕೈಯನ್ನು ಎದೆಗೆ ಅಡ್ಡ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು, ಮಾಮನ ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತ. ಮೊದಲನೇ ತಂಬಿಗೆಯ ನೀರು ಬಿತ್ತು. ಹುಡುಗ ಬೆಚ್ಚಿ ಮುಖ ಒರೆಸಿಕೊಳ್ಳಲು ಕೈ ಬಿಟ್ಟ. ಒರೆಸಿಕೊಂಡ ಮೇಲೆ ಕೈಯನ್ನು ಮತ್ತೆ ಕಟ್ಟಲಿಲ್ಲ.

"ನೀರು ತಣ್ಣಗಿದೆ ಮಾಮಾ," ಎಂದ.

"ಹೂಂನೋ," ಎಂದ ವೀರಬಸಪ್ಪ. ಅವನ ಕಣ್ಣಿನಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು, ಆದರೆ ಸುರಗಿಯಲ್ಲಿ ಕೂತವನ ಕಣ್ಣೀರನ್ನು ಯಾರು ಗುರುತಿಸುತ್ತಾರೆ? ಎದೆಯ ಮೇಲೆ ಬಿಸಿಲು ಬಿದ್ದಿತ್ತು. ಬಾವಿಯ ಕಟ್ಟೆಯ ಮೇಲೆ ಮೈ ಒಣಗಿಸಿಕೊಳ್ಳಲು ಕೂರುತ್ತಿದ್ದ ಕಾಲದಿಂದ ಅಲ್ಲಿಗೆ ಬಿಸಿಲು ಬಿದ್ದಿರಲಿಲ್ಲ. ಬಿಸಿಲು ಎಷ್ಟು ಬೆಚ್ಚಗಿರುತ್ತದೆ ಎಂಬುದು ಅವನಿಗೆ ಮರೆತೇಹೋಗಿತ್ತು.